ಸಕಲೇಶಪುರದ ತೋಟದ ಮನೆಯ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದು

ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಆಪರೇಟಿಂಗ್ ಸಿಸ್ಟಂ, ಅದರಲ್ಲಿ ಹಲವು ಬಗೆ. ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕಲಿ ಅಂತ ಯಾರಾದರೂ ಕೇಳಿದರೆ, ಹಾರ್ಡ್ ಡಿಸ್ಕ್ ಹೇಗಿದೆ ಅಂತ ನಾನು ತಿರುಗಿ ಕೇಳುತ್ತೇನೆ. ವರ್ಷಗಟ್ಟಲೆ ತಿರುಗಿ ಸವೆದ ಡಿಸ್ಕ್ ಅದು. ಅದರ ಸ್ಥಿತಿ ನೋಡದೆ ಏನು ಹಾಕಿದರೂ ಭರವಸೆ ಇಲ್ಲ.

ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಮ್ಮನದು ಸಣ್ಣ ಕಾಫಿ ತೋಟ. ಮನೆಯಲ್ಲಿದ್ದದ್ದು ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ರ್‍ಯಾಮ್, 250 ಜಿಬಿ ಡಿಸ್ಕ್ ಇರುವ ಲ್ಯಾಪ್‌ಟಾಪ್. ಒಳಗೆ ವಿಂಡೋಸ್ 7. ಅದಕ್ಕೆ ಭದ್ರತೆಯ ಅಪ್‌ಡೇಟ್ ಬರುವುದು 2020ರ ಜನವರಿ 14ಕ್ಕೇ ನಿಂತುಹೋಗಿತ್ತು. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು.

"ಗುಜರಿಗೆ ಹಾಕೋಣ ಅಂತಿದ್ದೀನಿ ಕಣೋ" ಅಂದರು ಚಿಕ್ಕಮ್ಮ.

"ಬೇಡಿ ಚಿಕ್ಕಮ್ಮ, ನಂಗೆ ಬಿಡಿ" ಅಂದೆ.

ಅವರಿಗೆ ಬೇಕಿದ್ದದ್ದು ಆಳುಗಳ ಹಾಜರಿ, ವಾರದ ಬಟವಾಡೆ, ಕೊಯ್ಲಿನ ಕೆ.ಜಿ. ಲೆಕ್ಕ. ಆಗಾಗ ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡಬೇಕು. ಇಷ್ಟಕ್ಕೆ ಆ ಲ್ಯಾಪ್‌ಟಾಪ್ ಧಾರಾಳ ಸಾಕು.

ನನ್ನ ಮುಂದೆ ಇದ್ದದ್ದು ಎರಡು. ಒಂದು ಪಪ್ಪಿ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಇಡೀ ವ್ಯವಸ್ಥೆಯನ್ನೇ ರ್‍ಯಾಮ್‌ಗೆ ಏರಿಸಿಕೊಂಡು ಓಡಬಲ್ಲದು, ತುಂಬಾ ಚುರುಕು. ಆದರೆ ಅದರ ಸಾಮಾನ್ಯ ಪದ್ಧತಿಯಲ್ಲಿ ನಮ್ಮ ಬದಲಾವಣೆಗಳೆಲ್ಲ ಒಂದು ಸೇವ್ ಫೈಲ್‌ನೊಳಗೆ ಕೂರುತ್ತವೆ. ಕರೆಂಟ್ ಹೋಗಿ ಆ ಫೈಲ್ ಕೆಟ್ಟರೆ ಕಷ್ಟ. ಇನ್ನೊಂದು ಆಂಟಿಕ್ಸ್. ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು, ಡಿಸ್ಕ್‌ಗೆ ಪೂರ್ತಿಯಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕರೆಂಟ್ ಹೇಗಿರುತ್ತದೆ ಅಂತ ಆ ಕಡೆಯವರಿಗೆ ಗೊತ್ತಲ್ವಾ? ಆಂಟಿಕ್ಸ್ 23 ಆರಿಸಿಕೊಂಡೆ.

ತೋಟದಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ. ಹಾಗಾಗಿ ಹಾಸನದಲ್ಲಿರುವಾಗಲೇ ಫೈಲ್ ಇಳಿಸಿಕೊಂಡು, ಫೈಲ್ ಸರಿಯಾಗಿ ಇಳಿದಿದೆಯಾ ಅಂತ ತಿಳಿಸುವ ಚೆಕ್‌ಸಮ್ ತಾಳೆ ನೋಡಿ, ರೂಫಸ್ ಅನ್ನೋ ಪ್ರೋಗ್ರಾಂನಿಂದ ಪೆನ್‌ಡ್ರೈವ್‌ಗೆ ಬರೆದುಕೊಂಡು ಹೋದೆ. ಹಳೇ ಫೋಟೊಗಳನ್ನೆಲ್ಲ ಬೇರೆ ಡಿಸ್ಕ್‌ಗೆ ತೆಗೆದಿಟ್ಟ ಮೇಲೆ ಎಫ್12 ಒತ್ತಿ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿದೆ. ಈ ಲೈವ್ ಸ್ಥಿತಿಯಲ್ಲಿ ಡಿಸ್ಕ್‌ಗೆ ಏನೂ ಆಗುವುದಿಲ್ಲ. ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲ ಇಲ್ಲೇ ನೋಡಿಕೊಳ್ಳಬೇಕು.

ಡಿಸ್ಕ್ ನೋಡುವುದೂ ಇಲ್ಲೇ. ಆದೇಶ ಟೈಪ್ ಮಾಡುವ ಟರ್ಮಿನಲ್ ತೆರೆದು, ಡಿಸ್ಕ್‌ನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ (smartctl) ಓಡಿಸಿದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ನಾನು ಮುಖ್ಯವಾಗಿ ನೋಡುವುದು ಎರಡು ಸಾಲು. 5ನೇ ನಂಬರಿನದು ರೀಅಲೊಕೇಟೆಡ್ ಸೆಕ್ಟರ್. ಕೆಟ್ಟುಹೋದ ಜಾಗದ ಬದಲು ಡಿಸ್ಕ್ ತಾನೇ ಬೇರೆ ಜಾಗ ಕೊಟ್ಟುಕೊಂಡ ಲೆಕ್ಕ ಅದು. 197ನೆಯದು ಪೆಂಡಿಂಗ್ ಸೆಕ್ಟರ್. ಓದಲಾಗದೆ, ಏನು ಮಾಡುವುದು ಅಂತ ತೀರ್ಮಾನವಾಗದೆ ಉಳಿದ ಜಾಗಗಳು. ಮೊದಲನೆಯದರಲ್ಲಿ ಸಣ್ಣ ಸಂಖ್ಯೆ ಇದ್ದು, ಅದು ಏರದೆ ಹಾಗೇ ಇದ್ದರೆ ಸ್ವಲ್ಪ ಕಾಲ ನಡೆಯುತ್ತದೆ. ಎರಡನೆಯದು ಏರುತ್ತಾ ಹೋದರೆ ಆ ಡಿಸ್ಕ್‌ಗೆ ಏನೂ ಹಾಕಬೇಡಿ, ಬದಲಾಯಿಸಿ. ಚಿಕ್ಕಮ್ಮನ ಡಿಸ್ಕ್‌ನಲ್ಲಿ ಎರಡೂ ಸೊನ್ನೆ ಇತ್ತು. ಆದರೂ ಉದ್ದದ ಪರೀಕ್ಷೆಗೆ ಬಿಟ್ಟು ತೋಟ ಸುತ್ತಿ ಬಂದೆ. ಅದೂ ದೋಷವಿಲ್ಲದೆ ಮುಗಿದಿತ್ತು.

ಇನ್‌ಸ್ಟಾಲ್ ಮಾಡುವಾಗ ಪೂರ್ತಿ ಡಿಸ್ಕನ್ನು ಅದಕ್ಕೇ ಬಿಟ್ಟುಕೊಡಬಹುದು. ನಾನು ಬಿಡಲಿಲ್ಲ. ಡಿಸ್ಕ್ ಭಾಗ ಮಾಡುವ ಜಿಪಾರ್ಟೆಡ್‌ನಲ್ಲಿ ಮೂರು ಭಾಗ ಮಾಡಿದೆ: ವ್ಯವಸ್ಥೆಗೆ 30 ಜಿಬಿ, ರ್‍ಯಾಮ್ ಸಾಲದಾಗ ಬಳಕೆಯಾಗುವ ಸ್ವಾಪ್‌ಗೆ 4 ಜಿಬಿ, ಉಳಿದದ್ದೆಲ್ಲ ನಮ್ಮ ಫೈಲ್‌ಗಳಿರುವ ಹೋಮ್‌ಗೆ. ಮುಂದೆ ವ್ಯವಸ್ಥೆ ಕೆಟ್ಟು ಮತ್ತೆ ಹಾಕಬೇಕಾದರೂ, ಹೋಮ್ ಭಾಗವನ್ನು ಫಾರ್ಮ್ಯಾಟ್ ಮಾಡದೆ ಬಿಟ್ಟರೆ ಲೆಕ್ಕದ ಫೈಲ್‌ಗಳು ಹಾಗೇ ಉಳಿಯುತ್ತವೆ. ಕೊನೆಯಲ್ಲಿ ಗ್ರಬ್, ಅಂದರೆ ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ, ಎಲ್ಲಿ ಹಾಕಲಿ ಅಂತ ಕೇಳುತ್ತದೆ. ಅಲ್ಲಿ ಪೆನ್‌ಡ್ರೈವ್ ಹೆಸರೂ ಇರುತ್ತದೆ. ಗಾತ್ರ ನೋಡಿ 250 ಜಿಬಿ ಡಿಸ್ಕನ್ನೇ, ಅದರ ಮೊದಲ ಜಾಗವಾದ ಎಂಬಿಆರ್ ಅನ್ನೇ ಆರಿಸಬೇಕು. ಪೆನ್‌ಡ್ರೈವ್‌ಗೆ ಹಾಕಿಬಿಟ್ಟರೆ ಅದನ್ನು ಕಿತ್ತ ಮೇಲೆ ಲ್ಯಾಪ್‌ಟಾಪ್ ಏಳುವುದಿಲ್ಲ.

ಫೈಲ್ ಸಿಸ್ಟಂ, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಇಎಕ್ಸ್‌ಟಿ4. ಇದರಲ್ಲಿ ಜರ್ನಲ್ ಅಂತ ಒಂದಿದೆ. ಚಿಕ್ಕಮ್ಮ ಹಾಜರಿಯನ್ನು ಮೊದಲು ಚೀಟಿಯಲ್ಲಿ ಗುರುತು ಹಾಕಿಕೊಂಡು ಸಂಜೆ ಪುಸ್ತಕಕ್ಕೆ ಏರಿಸುತ್ತಾರಲ್ಲ, ಹಾಗೆ. ಡಿಸ್ಕ್‌ನ ಪಟ್ಟಿಯಲ್ಲಿ ಏನು ಬದಲಾಗಬೇಕು ಅಂತ ಮೊದಲು ಅಲ್ಲಿ ಬರೆದುಕೊಂಡು ಆಮೇಲೆ ಬದಲಿಸುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಅದನ್ನು ನೋಡಿ ಸರಿಮಾಡಿಕೊಳ್ಳುತ್ತದೆ. ಆದರೆ ಸೇವ್ ಮಾಡದ ಲೆಕ್ಕವನ್ನು ಅದು ಉಳಿಸಿಕೊಡದು. ಅದಕ್ಕೆ ಲೆಕ್ಕ ಬರೆಯುವ ಲಿಬ್ರೆಆಫೀಸ್‌ನಲ್ಲಿ ತಾನಾಗಿ ಸೇವ್ ಮಾಡಿಕೊಳ್ಳುವ ಆಟೊರಿಕವರಿ ಸಮಯವನ್ನು 10 ನಿಮಿಷದಿಂದ 2ಕ್ಕೆ ಇಳಿಸಿದೆ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಇರುವವರೆಲ್ಲ ಇದೊಂದು ಮಾಡಿಕೊಳ್ಳಿ, ದಯವಿಟ್ಟು.

ಇನ್ನೊಂದು ತೊಂದರೆ ಲಿನಕ್ಸ್‌ನದಲ್ಲವೇ ಅಲ್ಲ. ಪ್ಲಗ್ ಕಿತ್ತಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತಿತ್ತು. ತಾರೀಖು ತಪ್ಪಿದರೆ ಬ್ರೌಸರ್‌ಗೆ ಸೈಟ್‌ಗಳ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲ ಅನಿಸುತ್ತದೆ. ಯಾವ ಸೈಟ್ ತೆರೆದರೂ ಸುರಕ್ಷಿತವಲ್ಲ ಅನ್ನುತ್ತದೆ. ಜನ ಸುಮ್ನೆ ನೆಟ್ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಗಡಿಯಾರ ನಡೆಸುವ ಒಳಗಿನ ಗುಂಡು ಸೆಲ್ ಮುಗಿದಿರುತ್ತದೆ, ಅಷ್ಟೇ. ಹಾಸನದಿಂದ ವೈರ್ ಇರುವ ಸಿಆರ್2032 ತಂದು ಹಾಕಿದ ಮೇಲೆ ಸರಿಹೋಯಿತು.

ಕನ್ನಡಕ್ಕೆ ಲೋಹಿತ್, ಗುಬ್ಬಿ ಫಾಂಟ್ ಹಾಕಿದೆ. ಟೈಪಿಂಗ್‌ಗೆ ಐಬಸ್ ಮತ್ತು ಎಂ17ಎನ್ ಅನ್ನೋ ಪ್ರೋಗ್ರಾಂ ಹಾಕಿ, ಅದರಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿದೆ. ನುಡಿ ತಂತ್ರಾಂಶದಲ್ಲಿ ಕೈ ಕೂತವರಿಗೆ ಇದು ಸಲೀಸು. ಆಂಟಿಕ್ಸ್‌ನಲ್ಲಿ ಐಬಸ್ ತಾನಾಗಿ ಶುರುವಾಗಲಿಲ್ಲ, ಲಾಗಿನ್ ಆದಾಗ ಓಡುವ ಪಟ್ಟಿಗೆ ಸೇರಿಸಬೇಕಾಯಿತು. ಚಿಕ್ಕಮ್ಮ ಮೊದಲು ಟೈಪ್ ಮಾಡಿದ್ದು ಹಾಜರಿ ಪಟ್ಟಿಗೆ ಆಳುಗಳ ಹೆಸರು. "ಒತ್ತಕ್ಷರಾನೂ ಸರಿಯಾಗಿ ಬರ್ತದಲ್ಲೋ" ಅಂತ ಖುಷಿಪಟ್ಟರು. ನನಗಂತೂ ಅವರಿಗಿಂತ ಜಾಸ್ತಿ ಖುಷಿ.

ಈಗ ಡೆಸ್ಕ್‌ಟಾಪ್ ಬಂದು ನಿಂತಾಗ ಕಾಲು ಜಿಬಿ ರ್‍ಯಾಮ್ ಹತ್ತಿರ ಖರ್ಚಾಗಿರುತ್ತದೆ. ಲೆಕ್ಕದ ಹಾಳೆ ಚಕಚಕ ತೆರೆಯುತ್ತದೆ. ಬ್ರೌಸರ್‌ನಲ್ಲಿ ಮಾತ್ರ ಕೈ ಹಿಡಿತ ಬೇಕು. ನಾಲ್ಕೈದು ಟ್ಯಾಬ್ ತೆರೆದರೆ ಸ್ವಾಪ್‌ಗೆ ಇಳಿದು ಡಿಸ್ಕ್ ಕರಕರ ಅನ್ನಲು ಶುರು. ದುಡ್ಡು ಹಾಕುವ ಮನಸ್ಸಿದ್ದರೆ ತಿರುಗುವ ಡಿಸ್ಕ್ ಬದಲು ಸಾಟಾ ಎಸ್‌ಎಸ್‌ಡಿ ಹಾಕಿ. ಹಳೇ ಲ್ಯಾಪ್‌ಟಾಪ್‌ಗೆ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ನಿಮ್ಮ ಪ್ರೊಸೆಸರ್ 64 ಬಿಟ್ ಹೌದೋ ಅಲ್ಲವೋ ಮೊದಲೇ ನೋಡಿಕೊಳ್ಳಿ, ಲೈವ್ ಸ್ಥಿತಿಯಲ್ಲೇ ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಅಂತ ಕೊಟ್ಟರೆ ತಿಳಿಯುತ್ತದೆ. ಹಳೇ ಬಗೆಯ ಬರೀ 32 ಬಿಟ್ ಆದರೆ ದಾರಿ ಕಿರಿದಾಗುತ್ತಿದೆ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸ್ ಕೈಬಿಟ್ಟಿತು. 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಯ ಇನ್‌ಸ್ಟಾಲರ್ ಇಲ್ಲ. ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಯ ನಂತರ ನಿಲ್ಲಿಸಿದೆ. ಬ್ರೌಸರ್‌ಗೆ ಹೊಸ ಅಪ್‌ಡೇಟ್ ಬರದ ಅಂಥದ್ದರಲ್ಲಿ ಬ್ಯಾಂಕ್ ಕೆಲಸ ಬೇಡ. ಲೆಕ್ಕ ಬರೆಯಲು, ಮಕ್ಕಳು ಟೈಪಿಂಗ್ ಕಲಿಯಲು, ಹಾಡು ಕೇಳಲು ಇಟ್ಟುಕೊಳ್ಳಿ.