ಮೋಟಾರ್ ದೂರ ಇದ್ದರೆ ವೈರ್ ದಪ್ಪ ಇರಲಿ

ತೋಟದ ಕೆರೆಗೆ ಮೋಟಾರ್ ಕೂರಿಸುವವರು ದಯವಿಟ್ಟು ಓದಿ. ನಮ್ಮ ಕೊಡಗಿನಲ್ಲಿ ಮನೆ ದಿಣ್ಣೆ ಮೇಲೆ, ಕೆರೆ ತಗ್ಗಿನಲ್ಲಿ. 200 ಮೀಟರ್ ವೈರ್ ಎಳೆಯುವುದು ಮಾಮೂಲಿ. ಕರೆಂಟ್ ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರಬೇಕಲ್ವಾ, ಹಾಗಾಗಿ ಲೆಕ್ಕಕ್ಕೆ 400 ಮೀಟರ್.

2.5 ಚದರ ಮಿ.ಮೀ. ತಾಮ್ರದ ವೈರ್ ಆದರೆ ಅಷ್ಟು ಉದ್ದಕ್ಕೆ ಸುಮಾರು 2.8 ಓಮ್ ರೆಸಿಸ್ಟೆನ್ಸ್ (ಕರೆಂಟ್ ಹರಿಯಲು ವೈರ್ ಒಡ್ಡುವ ತಡೆ). 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಸುಮಾರು 7 ಆಂಪಿಯರ್ ಎಳೆಯುತ್ತದೆ. ಎರಡನ್ನೂ ಗುಣಿಸಿ. ಬರುವ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 20 ವೋಲ್ಟ್ ವೈರಿನಲ್ಲೇ ಹೋಯಿತು! ಸ್ಟಾರ್ಟ್ ಆಗುವಾಗ ಕರೆಂಟ್ ಇದರ ಹಲವು ಪಟ್ಟು, ನಷ್ಟವೂ ಅಷ್ಟೇ ಪಟ್ಟು. ಮೋಟಾರ್ ತಿರುಗದೆ ಸುಮ್ನೆ ಗುಂಯ್ ಅನ್ನುವುದು ಎಷ್ಟೋ ಸಲ ಇದಕ್ಕೇ. ಹಾಗೇ ಬಿಟ್ಟರೆ ವೈಂಡಿಂಗ್ (ಮೋಟಾರ್ ಒಳಗಿನ ತಂತಿ ಸುರುಳಿ) ಸುಡುತ್ತದೆ.

6 ಚದರ ಮಿ.ಮೀ. ಹಾಕಿದರೆ ಓಡುವಾಗಿನ ನಷ್ಟ 8 ವೋಲ್ಟಿಗೆ ಇಳಿಯುತ್ತದೆ. ದುಡ್ಡು ಜಾಸ್ತಿ, ಆದರೂ ನನ್ನ ಪ್ರಕಾರ ಸ್ಟೆಬಿಲೈಸರ್‌ಗಿಂತ ಇದೇ ಮೊದಲು.

ಮೋಟಾರ್ ನಿಂತಿರುವಾಗ ವೋಲ್ಟೇಜ್ ನೋಡಿ ಸರಿ ಇದೆ ಅಂದುಕೊಳ್ಳಬೇಡಿ. ಕರೆಂಟ್ ಹರಿಯದಿದ್ದರೆ ವೈರಿನಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ, ಪೂರ್ತಿ 230 ತೋರಿಸುತ್ತದೆ. ಓಡುತ್ತಿರುವಾಗ, ಕೆರೆ ಬದಿಯಲ್ಲೇ, ಎಲೆಕ್ಟ್ರಿಷಿಯನ್ ಕೈಲಿ ಚೆಕ್ ಮಾಡಿಸಿ. ನಡುವೆ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಮಳೆಗಾಲಕ್ಕೆ ಮುಂಚೆ ಅದನ್ನೂ ಬಿಚ್ಚಿಸಿ ನೋಡಿ. ಕಿಲುಬು ಹಿಡಿದ ಕಡೆ ರೆಸಿಸ್ಟೆನ್ಸ್ ಏರಿ ಬಿಸಿಯಾಗುತ್ತದೆ.