ಯಾರು ಕದಲಲಾರರೋ ಅವರ ಹತ್ತಿರಕ್ಕೆ

ದಾವಣಗೆರೆಯ ರಸಮಂಜರಿ ತಂಡಗಳಲ್ಲಿ ಪಿಟೀಲು ನುಡಿಸುತ್ತಲೇ ನನ್ನ ಕೂದಲು ನರೆತಿದೆ. ಶುರು ಮಾಡಿದಾಗ ಊರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಯೇ ಜಿಲ್ಲೆಯಾಗುವ ಹೊತ್ತಿಗೆ ಹುಡುಗರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಇಷ್ಟು ವರ್ಷಗಳಲ್ಲಿ ಬೆರಳಿನ ವೇಗವೇನೂ ಬಹಳ ಹೆಚ್ಚಲಿಲ್ಲ. ಬೆಳೆದದ್ದು ಕಿವಿ.

ನಾನು ಕಲಿತದ್ದು ಕರ್ನಾಟಕ ಸಂಗೀತ. ನೆಲದ ಮೇಲೆ ಕುಳಿತು ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿದರೆ ವಾದ್ಯದ ಭಾರ ಎಡಗೈಗೆ ಬೀಳುವುದಿಲ್ಲ; ಸ್ವರವನ್ನು ಅಲುಗಿಸಿ, ಜಾರಿಸಿ ನುಡಿಸುವ ಗಮಕಕ್ಕೆ ಕೈ ಸಲೀಸಾಗಿ ಜಾರುತ್ತದೆ. ವಾದ್ಯಗೋಷ್ಠಿಯಲ್ಲಿ ಕುರ್ಚಿ, ಗದ್ದದಡಿ ಪಿಟೀಲು. ಒಬ್ಬೊಬ್ಬ ಗಾಯಕರಿಗೆ ಒಂದೊಂದು ಶ್ರುತಿ. ಹಾಡಿಗೊಮ್ಮೆ ಬಿರಡೆ ತಿರುಗಿಸಲು ಸಮಯವೆಲ್ಲಿ? ಹಾಗಾಗಿ ಗಾಯಕರ ಶ್ರುತಿಗೆ ಕಟ್ಟುವ ಸ-ಪ-ಸ-ಪ ಬಿಟ್ಟು, ಯಾರು ಹಾಡಿದರೂ ಬದಲಿಸಬೇಕಿಲ್ಲದ ಪಾಶ್ಚಾತ್ಯ ಜಿ-ಡಿ-ಎ-ಇ ಕ್ರಮಕ್ಕೆ ತಂತಿ ಕಟ್ಟಿದೆ. ಒಂದೇ ಹಾಡಿನ ಬಿಟ್ ಅನ್ನು, ಅಂದರೆ ಹಾಡಿನ ನಡುವೆ ಬರುವ ವಾದ್ಯದ ತುಣುಕನ್ನು, ಅರ್ಧರ್ಧ ಮನೆ (ಕೀಬೋರ್ಡಿನಲ್ಲಿ ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರ) ಏರಿಸುತ್ತ ಹನ್ನೆರಡೂ ಶ್ರುತಿಗಳಲ್ಲಿ ನುಡಿಸುವುದು ಇವತ್ತಿಗೂ ನನ್ನ ಬೆಳಗಿನ ಅಭ್ಯಾಸ. ಚಿತ್ರಗೀತೆಗಳ ಪಿಟೀಲಿನ ಸಾಲುಗಳನ್ನು ಧ್ವನಿಮುದ್ರಣದಲ್ಲಿ ಹಲವರು ಒಟ್ಟಾಗಿ ನುಡಿಸಿರುತ್ತಾರೆ. ಅಲ್ಲಿ ಸ್ವರ ಅಲುಗದೆ ನಿಲ್ಲಬೇಕು. ಗಮಕವನ್ನು ತಡೆಹಿಡಿಯುವುದು ಗಮಕ ಕಲಿಯುವಷ್ಟೇ ಕಷ್ಟದ ಕೆಲಸ.

ಕಿವಿಯನ್ನು ನಿಜವಾಗಿ ಪಳಗಿಸಿದ್ದು ಜಾತ್ರೆಯ ರಾತ್ರಿಗಳು. ನಮ್ಮ ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿಯ ತೇರು, ಎರಡೂ ಬಿಸಿಲೇರುವ ಕಾಲಕ್ಕೆ ಬರುತ್ತವೆ. ಹಗಲೆಲ್ಲ ಕಾದ ವೇದಿಕೆ ನಡುರಾತ್ರಿಗೆ ತಣಿಯುತ್ತದೆ. ಗಾಳಿ ತಣಿದರೆ ಅದರಲ್ಲಿ ಶಬ್ದದ ವೇಗ ಇಳಿಯುತ್ತದೆ, ಕೊಳಲಿನ ಶ್ರುತಿ ತಗ್ಗುತ್ತದೆ. ಒಂದು ಡಿಗ್ರಿಗೆ ಅರ್ಧ ಮನೆಯ ನೂರರಲ್ಲಿ ಮೂರು ಪಾಲಿನಷ್ಟು. ಉಸಿರಿನ ಬಿಸಿ ಆ ಇಳಿತವನ್ನು ಸ್ವಲ್ಪ ಮಾತ್ರ ತಡೆಯುತ್ತದೆ. ಅದೇ ತಂಪಿಗೆ ಉಕ್ಕಿನ ತಂತಿ ಕುಗ್ಗಿ ಬಿಗಿಯಾಗಿ ಮೇಲಕ್ಕೇರುತ್ತದೆ. ಕೀಬೋರ್ಡ್ ಇದ್ದಲ್ಲಿಯೇ ಇರುತ್ತದೆ. ಸಂಜೆ ಒಂದಾಗಿದ್ದ ಮೂರು ವಾದ್ಯಗಳು ಹನ್ನೆರಡು ಗಂಟೆಗೆ ಮೂರು ದಿಕ್ಕಿಗಿರುತ್ತವೆ, ತಪ್ಪು ಯಾರದೂ ಅಲ್ಲ. ಢೋಲಕ್ ನುಡಿಸುತ್ತಿದ್ದ ಹಿರಿಯರೊಬ್ಬರು ನನಗೆ ಹೇಳಿದ್ದರು: “ಯಾರು ಸರಿ ಅಂತ ನೋಡಬೇಡಪ್ಪ. ಯಾರು ಕದಲಲಾರರೋ ಅವರ ಹತ್ತಿರಕ್ಕೆ ನೀನೇ ಹೋಗು.” ಅಂದಿನಿಂದ ನಿರೂಪಕರು ಮಾತನಾಡುವಾಗಲೆಲ್ಲ ಪಿಟೀಲನ್ನು ಕಿವಿಗೆ ಹತ್ತಿರ ತಂದು, ತಂತಿಯನ್ನು ಮೆಲ್ಲಗೆ ಮೀಟಿ, ಕೀಬೋರ್ಡಿನ ಎ ಸ್ವರಕ್ಕೆ ಸರಿಮಾಡಿಕೊಳ್ಳುತ್ತೇನೆ. ಪಕ್ಕದವರಿಗೂ, “ಅಣ್ಣ, ಕೊಳಲು ತುಸು ಹೊರಕ್ಕೆ ಹೊರಳಿಸಿ” ಎನ್ನುತ್ತೇನೆ. ಹಾಗೆ ಹೊರಳಿಸಿದರೆ ಶ್ರುತಿ ಏರುತ್ತದೆ.

ಕೆಲವು ವರ್ಷಗಳ ನಂತರ ಅದೇ ಕೀಬೋರ್ಡ್ ಪಿಟೀಲಿನ ಸಾಲುಗಳನ್ನೂ ನುಡಿಸತೊಡಗಿತು. ಸಂಘಟಕರು ಒಬ್ಬರ ಸಂಭಾವನೆ ಉಳಿಯಿತೆಂದರು. ಆಗ ತುಂಬಾ ನೊಂದಿದ್ದೆ. ಆದರೆ ಅಲ್ಲಿಯೂ ಹಿರಿಯರ ಮಾತನ್ನೇ ಹಿಡಿದೆ. ಉದ್ದನೆಯ ಸಾಲುಗಳನ್ನು ಕೀಬೋರ್ಡಿಗೆ ಬಿಟ್ಟುಕೊಟ್ಟು, ಗಾಯಕರ ಸಾಲು ಮುಗಿದಲ್ಲಿ ಉತ್ತರ ಕೊಡುವ ಒಂಟಿ ಬಿಟ್‌ಗಳನ್ನು ಕೇಳಿ ಪಡೆದೆ. ಅಷ್ಟು ವರ್ಷ ತಡೆಹಿಡಿದಿದ್ದ ಗಮಕಕ್ಕೆ ಅಲ್ಲಿ ಜಾಗ ಸಿಕ್ಕಿತು. ಈಗ ಕರೋಕೆ ಟ್ರ್ಯಾಕ್ ಬಂದಿದೆ. ಗಾಯಕಿ ಉಸಿರು ಎಳೆದರೆ ಅದು ಕಾಯುವುದಿಲ್ಲ, ನಾವು ಕಾಯುತ್ತೇವೆ. ಕಾಯುವವರ ನಡುವೆ ಹಾಡಿದ ಹಾಡೇ ಬೇರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈಚೆಗೆ ಒಬ್ಬ ಹುಡುಗಿ ಪಿಟೀಲು ಕಲಿಯಲು ಬರುತ್ತಾಳೆ. ಅವಳಿಗೆ ಇನ್ನೂ ಯಾವ ಹಾಡನ್ನೂ ಕೊಟ್ಟಿಲ್ಲ. ಕೀಬೋರ್ಡಿನಲ್ಲಿ ಎ ಸ್ವರ ಒತ್ತಿ ಹಿಡಿಯುತ್ತೇನೆ, ಅವಳು ಅದೇ ತಂತಿಯ ಮೇಲೆ ಕಮಾನು ಎಳೆಯುತ್ತಾಳೆ. ಅಲ್ಲಿ ಸೆಕೆಂಡಿಗೆ 440 ಕಂಪನ, ಇಲ್ಲಿ 442 ಇದ್ದರೆ ಸೆಕೆಂಡಿಗೆ ಎರಡು ಸಲ ನಾದ ಮಿಡಿಯುತ್ತದೆ. ಮೊದಮೊದಲು ಅವಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಈಗ ನಾನು ಹೇಳುವ ಮೊದಲೇ ಬಿರಡೆಗೆ ಕೈ ಹಾಕುತ್ತಾಳೆ. ಗಣಪತಿ ಹಬ್ಬದ ಕಾರ್ಯಕ್ರಮಕ್ಕೆ ಅವಳನ್ನು ಕೀಬೋರ್ಡಿನ ಪಕ್ಕದಲ್ಲಿ ಕೂರಿಸಬೇಕೆಂದಿದ್ದೇನೆ.