ಮೊಮ್ಮಗುವಿನ ಪಾದ, ಅಜ್ಜಿಯ ಪಾದ: ನಾನು ಪರೀಕ್ಷಿಸುವ ಬಗೆ

ಉಡುಪಿ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಾನು ಫಿಸಿಯೋಥೆರಪಿ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ಪಾದದ ವಿಚಾರಕ್ಕೆಂದೇ ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳನ್ನು ಕರೆತರುವ ತಂದೆತಾಯಂದಿರು. ಮಗುವಿನ ಅಂಗಾಲು ಪೂರ್ತಿಯಾಗಿ ನೆಲಕ್ಕೆ ತಾಗುತ್ತದೆ, ಹಿಮ್ಮಡಿ ಹೊರಕ್ಕೆ ವಾಲಿದಂತೆ ಕಾಣುತ್ತದೆ, ಇದಕ್ಕೆ ವಿಶೇಷ ಬೂಟು ಮಾಡಿಸಬೇಕೇ ಎಂಬುದು ಅವರ ಆತಂಕ. ಜೊತೆಗೆ ಬಂದ ಅಜ್ಜಿ ಬಾಗಿಲ ದಾರಂದ ಹಿಡಿದು, ನೆಲವನ್ನೇ ನೋಡಿಕೊಂಡು ಒಳಬರುತ್ತಾರೆ. ಅವರ ಪಾದವನ್ನು ವರ್ಷಗಳಿಂದ ಯಾರೂ ನೋಡಿರುವುದಿಲ್ಲ. ಆದ್ದರಿಂದ ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಬಹಳಷ್ಟು ಸಲ ಆರೈಕೆ ಬೇಕಾಗಿರುವುದು ಅಜ್ಜಿಯ ಪಾದಕ್ಕೆ. ಮಗುವಿನ ಪಾದಕ್ಕೆ ಬೇಕಾಗಿರುವುದು ಕಾಲಾವಕಾಶ.

ಒಂದು ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ನಡೆಯಲು ಕಲಿಯುವ ವಯಸ್ಸಿನಲ್ಲಿ ಈ ಮೂಳೆಗಳಲ್ಲಿ ಹಲವು ಇನ್ನೂ ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ರೂಪದಲ್ಲೇ ಇರುತ್ತವೆ, ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಅಸ್ಥಿರಜ್ಜುಗಳು ಸಡಿಲವಾಗಿರುತ್ತವೆ, ಒಳಬದಿಯ ಕಮಾನು ಇರಬೇಕಾದ ಜಾಗದಲ್ಲಿ ಕೊಬ್ಬಿನ ಮೆತ್ತೆ ತುಂಬಿಕೊಂಡಿರುತ್ತದೆ. ಹಾಗಾಗಿ ಎರಡು ಮೂರು ವರ್ಷದ ಮಗುವಿಗೆ ಚಪ್ಪಟೆ ಪಾದ ಇರುವುದು ಸಹಜ. ಕಮಾನು ನಿಧಾನವಾಗಿ ಮೇಲೇಳುತ್ತದೆ. ಕೆಲವು ಮಕ್ಕಳಲ್ಲಿ ಹತ್ತನೆಯ ವಯಸ್ಸಿನವರೆಗೂ ಈ ಬೆಳವಣಿಗೆ ನಡೆದೇ ಇರುತ್ತದೆ. ಮೊಣಕಾಲಿನ ಕಥೆಯೂ ಹೀಗೆಯೇ. ಎರಡು ವರ್ಷದವರೆಗೆ ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತವೆ, ಮೂರು ನಾಲ್ಕರ ಹೊತ್ತಿಗೆ ಮೊಣಕಾಲುಗಳು ಒಂದಕ್ಕೊಂದು ತಾಗತೊಡಗುತ್ತವೆ, ಏಳರ ಸುಮಾರಿಗೆ ಹೆಚ್ಚಿನ ಮಕ್ಕಳಲ್ಲಿ ತಾವಾಗಿಯೇ ನೇರವಾಗುತ್ತವೆ.

ಪರೀಕ್ಷೆಗೆ ಯಂತ್ರ ಬೇಕಾಗಿಲ್ಲ. ಮಗುವಿನ ಪಾದ ಒದ್ದೆ ಮಾಡಿ ಒಣಗಿದ ಸಿಮೆಂಟು ನೆಲದ ಮೇಲೆ ನಡೆಸುತ್ತೇನೆ. ಹೆಜ್ಜೆಗುರುತಿನ ನಡುಭಾಗ ಎಷ್ಟು ಅಗಲವಿದೆ ಎಂಬುದನ್ನು ತಂದೆತಾಯಿಗೂ ತೋರಿಸಬಹುದು. ಅನಂತರ ಮಗುವನ್ನು ಹಿಂದಿನಿಂದ ಗಮನಿಸುತ್ತಾ ತುದಿಗಾಲಿನ ಮೇಲೆ ನಿಲ್ಲುವಂತೆ ಹೇಳುತ್ತೇನೆ. ತುದಿಗಾಲಿನಲ್ಲಿ ಕಮಾನು ಮೂಡಿ, ಹಿಮ್ಮಡಿ ಒಳಕ್ಕೆ ತಿರುಗಿದರೆ ಅದು ಬಾಗುವ ಚಪ್ಪಟೆ ಪಾದ. ನಿಂತಿರುವಾಗಲೇ ಹೆಬ್ಬೆರಳನ್ನು ಮೇಲಕ್ಕೆತ್ತಿದರೂ ಇದೇ ತಿಳಿಯುತ್ತದೆ: ಬೆರಳು ಎತ್ತಿದಾಗ ಅಂಗಾಲಿನ ಗಟ್ಟಿ ಪೊರೆ ಬಿಗಿಯಾಗಿ ಕಮಾನನ್ನು ಎಳೆದೆತ್ತುತ್ತದೆ. ನೋವಿಲ್ಲದ, ಬಾಗುವ ಚಪ್ಪಟೆ ಪಾದಕ್ಕೆ ನಾನು ವಿಶೇಷ ಬೂಟನ್ನಾಗಲಿ ಬೂಟಿನೊಳಗೆ ಕಮಾನಿಗೆ ಆಸರೆಯಾಗಿ ಇಡುವ ಒಳಪಟ್ಟಿಯನ್ನಾಗಲಿ ಬರೆದುಕೊಡುವುದಿಲ್ಲ. 1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪುಟ್ಟ ಮಕ್ಕಳಿಗೆ ಮೂರು ವರ್ಷ ಇಂಥ ಬೂಟು ಮತ್ತು ಒಳಪಟ್ಟಿಗಳನ್ನು ಹಾಕಿಸಿ ನೋಡಿದಾಗ, ಹಾಕಿಸಿದವರಿಗೂ ಹಾಕಿಸದವರಿಗೂ ಕಮಾನಿನ ಬೆಳವಣಿಗೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಈ ವಿಷಯದಲ್ಲಿ ನಮ್ಮ ಮಣಿಪಾಲದ ಕೊಡುಗೆಯನ್ನು ನಾನು ತಂದೆತಾಯಂದಿರಿಗೆ ತಪ್ಪದೆ ಹೇಳುತ್ತೇನೆ. ಅಲ್ಲಿನ ಕಸ್ತೂರಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಪಾದರಕ್ಷೆ ಧರಿಸುತ್ತಿದ್ದ ಮಕ್ಕಳಲ್ಲಿ ಚಪ್ಪಟೆ ಪಾದದ ಪ್ರಮಾಣ ಶೇ. 8.6, ಬರಿಗಾಲಿನಲ್ಲಿ ಓಡಾಡುತ್ತಿದ್ದವರಲ್ಲಿ ಶೇ. 2.8. ಮುಂಭಾಗ ಮುಚ್ಚಿದ ಬೂಟು ಹಾಕುವವರಲ್ಲಿ ಅದು ಅತಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಇಂಥ ಸಮೀಕ್ಷೆಯೊಂದರಿಂದಲೇ ಬೂಟು ಕಾರಣವೆಂದು ಸಾಧಿಸಲು ಬರುವುದಿಲ್ಲ, ಆದರೆ ನಾನು ಕಂಡದ್ದಕ್ಕೆ ಅದು ಹೊಂದುತ್ತದೆ: ಬೆರಳುಗಳು ನೆಲವನ್ನು ಹಿಡಿದು, ಉಬ್ಬುತಗ್ಗುಗಳಿಗೆ ಹೊಂದಿಕೊಂಡು ದುಡಿದಾಗ ಅಂಗಾಲಿನ ಸಣ್ಣ ಸ್ನಾಯುಗಳು ಬಲಗೊಳ್ಳುತ್ತವೆ. ಆದ್ದರಿಂದ ಮನೆಯೊಳಗೂ ಸ್ವಚ್ಛವಾದ ಅಂಗಳದಲ್ಲೂ ಮಗುವನ್ನು ಬರಿಗಾಲಿನಲ್ಲಿ ಬಿಡಿ, ಮರಳಿನ ಮೇಲೆ ಓಡಿಸಿ, ಕುಂಟೆಬಿಲ್ಲೆ ಆಡಿಸಿ ಎನ್ನುತ್ತೇನೆ. ಒಂಟಿಗಾಲಿನಲ್ಲಿ ಜಿಗಿದು, ಗೆರೆ ತುಳಿಯದೆ ನಿಂತು, ಬಗ್ಗಿ ಬಿಲ್ಲೆ ಎತ್ತಿಕೊಳ್ಳುವ ಆ ಆಟದಲ್ಲಿ ಸಮತೋಲನದ ತರಬೇತಿಗೆ ಬೇಕಾದದ್ದೆಲ್ಲ ಇದೆ.

ಕಾಲಾವಕಾಶ ಕೊಡಬಾರದ ಸಂದರ್ಭಗಳೂ ಇವೆ, ಇಲ್ಲಿ ಉದಾಸೀನ ಸಲ್ಲದು. ತುದಿಗಾಲಿನಲ್ಲೂ ಕಮಾನು ಮೂಡದ ಬಿಗಿಯಾದ ಪಾದ, ನೋವು, ಒಂದೇ ಪಾದ ಚಪ್ಪಟೆಯಾಗಿರುವುದು, ಸದಾ ತುದಿಗಾಲಿನ ನಡಿಗೆ, ಇವುಗಳಲ್ಲಿ ಯಾವುದು ಕಂಡರೂ ಮೂಳೆ ವೈದ್ಯರ ಬಳಿಗೆ ಕಳುಹಿಸುತ್ತೇನೆ. ಪದೇ ಪದೇ ಬೀಳುವ ಮಗುವನ್ನು ನೆಲದ ಮೇಲೆ ಕೂರಿಸಿ ಎದ್ದೇಳಲು ಹೇಳುತ್ತೇನೆ. ಅದು ತನ್ನ ತೊಡೆಗಳ ಮೇಲೆ ಕೈ ಊರಿಕೊಂಡು, ಮೈಯನ್ನು ಹಂತಹಂತವಾಗಿ ಮೇಲಕ್ಕೆ ತಳ್ಳಿಕೊಂಡು ಎದ್ದರೆ, ಸೊಂಟದ ಸುತ್ತಲಿನ ಸ್ನಾಯುಗಳು ದುರ್ಬಲವಾಗಿವೆ ಎಂದರ್ಥ. ಸ್ನಾಯುಕ್ಷಯದಂಥ ಕಾಯಿಲೆ ಇದೆಯೇ ಎಂದು ತಡಮಾಡದೆ ಪರೀಕ್ಷಿಸಬೇಕಾಗುತ್ತದೆ.

ಇನ್ನು ಅಜ್ಜಿಯ ಸರದಿ. ನಾವು ನೆಟ್ಟಗೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣು, ಒಳಕಿವಿ, ಮತ್ತು ಅಂಗಾಲು ಹಾಗೂ ಕೀಲುಗಳ ಸ್ಪರ್ಶಜ್ಞಾನ. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ ಮೂರನೆಯದು ಸದ್ದಿಲ್ಲದೆ ಮಂಕಾಗುತ್ತದೆ, ಮಿಕ್ಕ ಹೊಣೆಯ ಬಹುಪಾಲನ್ನು ಕಣ್ಣೇ ಹೊರುತ್ತದೆ. ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ, “ಅಮ್ಮಾ, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಓಲಾಡಿದ ಹಾಗೆ ಆಗುತ್ತದೆಯೇ?” ಎಂಬುದು. ಹೌದೆಂದರೆ ಎರಡೂ ಪಾದ ಜೋಡಿಸಿ ನಿಲ್ಲಿಸಿ, ಪಕ್ಕದಲ್ಲೇ ಕೈಚಾಚಿ ನಿಂತು, ಕಣ್ಣು ಮುಚ್ಚಲು ಹೇಳುತ್ತೇನೆ. ಬಳಿಕ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ, 128 ಹರ್ಟ್ಸಿನ ಶ್ರುತಿಕವೆಯನ್ನು (ತಟ್ಟಿದರೆ ಕಂಪಿಸುವ ಲೋಹದ ಕವೆ) ಹೆಬ್ಬೆರಳಿನ ಮೂಳೆಗೆ ಇಟ್ಟು ನೋಡುತ್ತೇನೆ. ಕಂಪನವೇ ತಿಳಿಯುತ್ತಿಲ್ಲ ಎಂಬುದು ಆಗಲೇ ಮೊದಲ ಬಾರಿಗೆ ಗೊತ್ತಾಗುವವರು ಎಷ್ಟೋ ಮಂದಿ.

ಬೆರಳುಗಳನ್ನು ನೋಡದೆ ನಾನು ಮುಂದೆ ಹೋಗುವುದಿಲ್ಲ. ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿರುವುದು, ಬೆರಳುಗಳಲ್ಲಿ ಬಲವಿಲ್ಲದಿರುವುದು, ಪಾದದ ನೋವು, ಈ ಮೂರೂ ವೃದ್ಧರಲ್ಲಿ ಬೀಳುವ ಸಂಭವವನ್ನು ಹೆಚ್ಚಿಸುತ್ತವೆ. ಬೆನ್ನಿನ ಗೂನನ್ನು ಅಳೆಯಲು ಗೋಡೆಗೆ ಬೆನ್ನು ಮತ್ತು ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯ ಹಿಂಭಾಗಕ್ಕೂ ಗೋಡೆಗೂ ನಡುವಿನ ಅಂತರವನ್ನು ಬರೆದುಕೊಳ್ಳುತ್ತೇನೆ. ಗೂನಿನಿಂದ ದೇಹದ ಭಾರ ಮುಂದಕ್ಕೆ ಸರಿಯುತ್ತದೆ, ಕಾಲೆಡವಿದಾಗ ಸಾವರಿಸಿಕೊಳ್ಳುವುದು ಕಷ್ಟವಾಗುತ್ತದೆ. ಕೊನೆಯಲ್ಲಿ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆ. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಪರಿಗಣಿಸುತ್ತೇವೆ. ನನ್ನ ಕಣ್ಣು ಗಡಿಯಾರಕ್ಕಿಂತ ಹೆಚ್ಚಾಗಿ ಅವರು ತಿರುಗುವ ರೀತಿಯ ಮೇಲಿರುತ್ತದೆ. ಒಂದೇ ಜಾಗದಲ್ಲಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ತಿರುಗುವವರು ಮನೆಯ ಇಕ್ಕಟ್ಟಿನ ಬಚ್ಚಲಲ್ಲಿ ಹೇಗೆ ತಿರುಗುತ್ತಾರೆ ಎಂಬುದನ್ನು ಅದರಿಂದ ಊಹಿಸಬಹುದು.

ವ್ಯಾಯಾಮಕ್ಕೆ ನಾನು ಅನುಸರಿಸುವುದು ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಮನೆಯಲ್ಲೇ ಮಾಡಬಹುದಾದ ಕ್ರಮವನ್ನು. ಅಲ್ಲಿನ ಪ್ರಯೋಗಗಳಲ್ಲಿ ಅದು ವೃದ್ಧರ ಬೀಳುವಿಕೆಯನ್ನು ಸುಮಾರು ಶೇ. 35ರಷ್ಟು ತಗ್ಗಿಸಿತು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ ನಡೆಯುವುದು, ಮೊದಲು ಎರಡು ಕೈಯ ಆಸರೆ, ಅನಂತರ ಒಂದು ಕೈ, ಅನಂತರ ಬೆರಳ ತುದಿ. ಒಬ್ಬರೇ ಮಾಡುವ ವ್ಯಾಯಾಮ ಬೇಗ ನಿಂತುಹೋಗುತ್ತದೆ ಎಂಬ ಕಾರಣಕ್ಕೆ ಅಜ್ಜಿ ಮತ್ತು ಮೊಮ್ಮಗುವನ್ನು ಜೋಡಿ ಮಾಡುತ್ತೇನೆ. ಮಗು ಒಂಟಿಗಾಲಿನಲ್ಲಿ ನಿಂತಾಗ ಅಜ್ಜಿ ಕಿಟಕಿಯ ಸರಳು ಹಿಡಿದು ನಿಲ್ಲುತ್ತಾರೆ, ಎಣಿಸುವ ಕೆಲಸ ಮಗುವಿನದು. ಮಕ್ಕಳು ಈ ಹೊಣೆಯನ್ನು ಎಷ್ಟು ಶ್ರದ್ಧೆಯಿಂದ ನಿರ್ವಹಿಸುತ್ತಾರೆ ಎಂದರೆ ಅಜ್ಜಿಯರು ತಪ್ಪಿಸಿಕೊಳ್ಳುವಂತಿಲ್ಲ.

ಬರಿಗಾಲಿನ ಸಲಹೆ ಮಾತ್ರ ಇಬ್ಬರಿಗೂ ಒಂದೇ ಆಗಿರಲು ಸಾಧ್ಯವಿಲ್ಲ. ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು, ಗಾಯ ಹುಣ್ಣಾಗುತ್ತದೆ. ಅಂಥವರು ಮನೆಯೊಳಗೂ ಪಾದರಕ್ಷೆ ಧರಿಸಬೇಕು. ತಳ ಸವೆದ ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಯ ಹಿಂದೆ ಪಟ್ಟಿ ಇರುವ, ಜಾರದ ತಳದ, ಬೆರಳುಗಳಿಗೆ ಜಾಗವಿರುವ ಚಪ್ಪಲಿ ಸಾಕು. ಬಚ್ಚಲಲ್ಲಿ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಲು ಮನೆಯವರಿಗೆ ಅಂದೇ ಹೇಳುತ್ತೇನೆ.

ಕೆಲವು ತಿಂಗಳ ಬಳಿಕವೂ ನಡಿಗೆ ಸುಧಾರಿಸದಿದ್ದರೆ ವ್ಯಾಯಾಮವನ್ನು ಹೆಚ್ಚಿಸುವ ಬದಲು ಕಾರಣ ಹುಡುಕುತ್ತೇನೆ. ಮಲಗಿದಾಗಿನ ರಕ್ತದೊತ್ತಡವನ್ನು ನೋಡಿಕೊಂಡು, ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಅವರು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯೊಂದಿಗೆ ವೈದ್ಯರಲ್ಲಿಗೆ ಕಳುಹಿಸುತ್ತೇನೆ. ಕಣ್ಣಿನ ಪೊರೆ ಮತ್ತು ಬಿ12 ಜೀವಸತ್ವದ ಕೊರತೆಯನ್ನೂ ಪರೀಕ್ಷಿಸಿ ಎಂದು ಅದೇ ಚೀಟಿಯಲ್ಲಿ ಬರೆಯುತ್ತೇನೆ.